ಬೀಡಿನ ಬಾಣಲೆ

ಬೀಡಿನ ಬಾಣಲೆ ಎಂದರೆ ಕರಗಿಸಿದ ಬೀಡುಕಬ್ಬಿಣವನ್ನು ಅಚ್ಚಿಗೆ ಎರೆದು ತಯಾರಿಸಿದ, ದುಂಡು ತಳದ, ಸಾಮಾನ್ಯವಾಗಿ ಎರಡು ಕಿವಿಗಳಿರುವ ಅಡುಗೆಯ ಪಾತ್ರೆ. ಒಗ್ಗರಣೆ ಹಾಕಲು, ಪಲ್ಯ ಮಾಡಲು, ಕಾಳು ಮತ್ತು ರವೆ ಹುರಿಯಲು, ತಿಂಡಿಗಳನ್ನು ಕರಿಯಲು ಇದನ್ನು ಬಳಸುತ್ತಾರೆ. ಮದುವೆಮನೆ ಮತ್ತು ಹೋಟೆಲುಗಳ ದೊಡ್ಡ ಬಾಣಲೆಗಳು ಬಹುಮಟ್ಟಿಗೆ ಕಬ್ಬಿಣದ ತಗಡಿನಿಂದ ಆದವು. ಮನೆಗಳಲ್ಲಿ ಈಚೆಗೆ ಮತ್ತೆ ಬಳಕೆಗೆ ಬರುತ್ತಿರುವುದು ಬಾಯಿಯ ಅಗಲ 18ರಿಂದ 24 ಸೆಂಟಿಮೀಟರ್, ದಪ್ಪ 3ರಿಂದ 5 ಮಿಲಿಮೀಟರ್ ಇರುವ ಸಣ್ಣ ಬೀಡಿನ ಬಾಣಲೆ. ಈ ಲೇಖನವು ಮುಖ್ಯವಾಗಿ ಅದರ ಬಗೆಗೆ ಇದೆ. ಉದಾಹರಣೆಗಳನ್ನು ಹೆಚ್ಚಾಗಿ ಮೈಸೂರು ಜಿಲ್ಲೆಯ ನಂಜನಗೂಡು, ಕವಲಂದೆ ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಅಡುಗೆಯಿಂದ ಆರಿಸಿಕೊಳ್ಳಲಾಗಿದೆ.

ಹೆಸರು

ಕನ್ನಡದಲ್ಲಿ 'ಬೀಡು' ಎಂಬ ಪದಕ್ಕೆ ಪಾಳೆಯ, ವಾಸಸ್ಥಾನ ಎಂಬ ಅರ್ಥಗಳಿವೆ. ಲೋಹದ ವಿಷಯದಲ್ಲಿ ಅದೇ ಪದ ಎರಕಕ್ಕೆ ಒದಗುವ ಕಬ್ಬಿಣವನ್ನು ಸೂಚಿಸುತ್ತದೆ. 'ಬೀಡಿನ ಕಾವಲಿ', 'ಬೀಡಿನ ಬಾಣಲೆ' ಎಂಬ ಮಾತುಗಳು ಅಲ್ಲಿಂದ ಬಂದವು. ಬಾಣಲೆಯನ್ನು ಬಾಣಲಿ ಎಂದೂ ಬರೆಯುತ್ತಾರೆ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಆಡುಮಾತಿನಲ್ಲಿ ಅದು 'ಬಾಂಡ್ಲಿ'. ಗಾರೆ ಕೆಲಸದವರು ಮಣ್ಣು, ಜಲ್ಲಿ ಹೊರುವ ತಗಡಿನ ಪಾತ್ರೆಗೂ ಇದೇ ಹೆಸರಿದ್ದು, ಅಡುಗೆಯ ಪಾತ್ರೆಯೊಂದಿಗೆ ಅದನ್ನು ಗೊಂದಲ ಮಾಡಿಕೊಳ್ಳಬಾರದು. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ 'ಕಡಾಯಿ' ಸಂಸ್ಕೃತದ 'ಕಟಾಹ' ಶಬ್ದದಿಂದ ಬಂದಿದೆ. ಚೀನೀಯರ 'ವೋಕ್' ಎಂಬ ಹೆಸರು ಕ್ಯಾಂಟನೀಸ್ ಭಾಷೆಯದು. ಆಕಾರದಲ್ಲಿ ವೋಕ್ ಮತ್ತು ಬಾಣಲೆ ಹತ್ತಿರದ ನೆಂಟರು; ವೋಕ್ ಸ್ವಲ್ಪ ಹರವಾಗಿದ್ದು ಅದರ ಅಂಚು ಹೊರಗೆ ಚಾಚಿರುತ್ತದೆ, ಬಾಣಲೆಯ ಗೋಡೆ ಹೆಚ್ಚು ಕಡಿದಾಗಿರುತ್ತದೆ.

ಇತಿಹಾಸ

ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಗಳೆಲ್ಲವೂ ಬೀಡಿನವೇ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಕಬ್ಬಿಣವನ್ನು ನೀರಿನಂತೆ ಹರಿಯುವ ಹಾಗೆ ಕರಗಿಸಲು ಎತ್ತರವಾದ ಊದುಕುಲುಮೆ ಬೇಕು. ಚೀನಾದಲ್ಲಿ ಕ್ರಿಸ್ತಪೂರ್ವ 5ನೆಯ ಶತಮಾನದ ಹೊತ್ತಿಗೇ ಎರಕದ ಕಬ್ಬಿಣ ಬಳಕೆಯಲ್ಲಿತ್ತು. ಭಾರತದ ಸಾಂಪ್ರದಾಯಿಕ ಕುಲುಮೆಗಳು ಬೇರೆ ಬಗೆಯವು. ಅವುಗಳಲ್ಲಿ ಅದಿರು ಕರಗಿ ಹರಿಯುತ್ತಿರಲಿಲ್ಲ. ಕಿಟ್ಟದೊಡನೆ ಕೂಡಿದ ಸ್ಪಂಜಿನಂಥ ಮುದ್ದೆಯಾಗಿ ಉಳಿಯುತ್ತಿತ್ತು. ಕಮ್ಮಾರರು ಅದನ್ನು ಕಾಯಿಸಿ, ಬಡಿದು, ಕಿಟ್ಟ ತೆಗೆದು ಹಾಳೆಯಾಗಿ ಹರಡುತ್ತಿದ್ದರು. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇಂಥ ಕುಲುಮೆಗಳ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾನೆ. ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿದ್ಯೆ ಇಲ್ಲಿಯವರಿಗೆ ಚೆನ್ನಾಗಿ ತಿಳಿದಿತ್ತು. ಯುರೋಪಿನವರು 'ವೂಟ್ಸ್' ಎಂದು ಕರೆದದ್ದು ಕನ್ನಡದ 'ಉಕ್ಕು' ಪದವನ್ನೇ ಎಂಬ ಅಭಿಪ್ರಾಯವೂ ಇದೆ. ಆದರೆ ಮೂಸೆಯ ಉಕ್ಕು ಅಲ್ಪ ಪ್ರಮಾಣದ, ಬೆಲೆಬಾಳುವ ಲೋಹ. ಅದು ಕತ್ತಿ, ಉಳಿಗಳಿಗೆ ಹೋಗುತ್ತಿತ್ತೇ ಹೊರತು ಪಾತ್ರೆಗಲ್ಲ.

ಹೀಗಾಗಿ ಹಳೆಯ ಹಳ್ಳಿ ಮನೆಗಳ ಬಾಣಲೆ ಹೆಚ್ಚಾಗಿ ಬಡಿದ ಕಬ್ಬಿಣದ್ದು. ಬಾಣಲೆಯಲ್ಲಿ ಮಾಡುವ ಅಡುಗೆ ಮಾತ್ರ ತುಂಬ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ (12ನೆಯ ಶತಮಾನ) ಕರಿದ ತಿನಿಸುಗಳ ವಿವರಣೆಗಳಿವೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಅಡುಗೆಗಾಗಿಯೇ ಮೀಸಲಾದ ಕನ್ನಡ ಕೃತಿ.

ಭಾರತದಲ್ಲಿ ಆಧುನಿಕ ಊದುಕುಲುಮೆಯ ಪ್ರಯತ್ನಗಳು 1830ರ ದಶಕದಲ್ಲಿ ತಮಿಳು ನಾಡಿನ ಕರಾವಳಿಯ ಪರಂಗಿಪೇಟೆಯಲ್ಲಿ ನಡೆದವು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ಕೈಗೂಡಿದ್ದು ಭದ್ರಾವತಿಯಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಯೋಜಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಮರದ ಇದ್ದಿಲಿನಿಂದ ಕರಗಿಸಿ ಅಲ್ಲಿ ಬೀಡುಕಬ್ಬಿಣವನ್ನು ತೆಗೆಯುತ್ತಿದ್ದರು. ಇಂದು ಕರ್ನಾಟಕದಲ್ಲಿ ಎರಕದ ಉದ್ಯಮಕ್ಕೆ ಬೆಳಗಾವಿ ಹೆಸರಾಗಿದೆ. ನೆರೆರಾಜ್ಯಗಳ ಕೊಲ್ಹಾಪುರ ಮತ್ತು ಕೊಯಮತ್ತೂರು ಕೂಡ ಇಂಥ ಕೇಂದ್ರಗಳೇ. ಅಲ್ಲಿನ ಮುಖ್ಯ ಕೆಲಸ ಪಂಪು, ಮೋಟಾರು, ವಾಹನಗಳ ಬಿಡಿಭಾಗಗಳದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಗುರವಾದ, ತುಕ್ಕು ಹಿಡಿಯದ ಅಲ್ಯೂಮಿನಿಯಂ ಪಾತ್ರೆಗಳು, ಜನರ ಬಾಯಲ್ಲಿ 'ಹಿಂಡಾಲಿಯಂ', ಕಬ್ಬಿಣದ ಬಾಣಲೆಯನ್ನು ಅಡುಗೆಮನೆಯಿಂದ ಅಟ್ಟಕ್ಕೆ ಕಳಿಸಿದವು. ಸ್ಟೀಲು ಮತ್ತು ನಾನ್‌ಸ್ಟಿಕ್ ಪಾತ್ರೆಗಳು ಉಳಿದ ಜಾಗವನ್ನು ತುಂಬಿದವು. ಒಗ್ಗರಣೆಯ ಸೌಟು ಮತ್ತು ದೋಸೆಯ ಕಾವಲಿ ಮಾತ್ರ ಅನೇಕ ಮನೆಗಳಲ್ಲಿ ಕಬ್ಬಿಣದವಾಗಿಯೇ ಉಳಿದುಕೊಂಡವು.

ಲೋಹದ ಗುಣ

ಬೀಡಿನಲ್ಲಿ ಕಬ್ಬಿಣದ ಜೊತೆಗೆ ಶೇಕಡ 2ರಿಂದ 4ರಷ್ಟು ಇಂಗಾಲವೂ ಶೇಕಡ 1ರಿಂದ 3ರಷ್ಟು ಸಿಲಿಕಾನ್ ಕೂಡ ಇರುತ್ತವೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲ ಬೆರೆತ ಬೀಡು 1150ರಿಂದ 1200 ಡಿಗ್ರಿಗೇ ಕರಗುತ್ತದೆ. ಎರಕಕ್ಕೆ ಅದು ಒದಗುವುದು ಇದರಿಂದಲೇ. ಹೆಚ್ಚಿನ ಇಂಗಾಲ ತಣ್ಣಗಾಗುವಾಗ ಗ್ರಾಫೈಟಿನ ಸಣ್ಣ ಚಕ್ಕೆಗಳಾಗಿ ಲೋಹದೊಳಗೆ ಹರಡಿಕೊಳ್ಳುತ್ತದೆ. ಒಡೆದ ಬಾಣಲೆಯ ಅಂಚು ಬೂದುಬಣ್ಣಕ್ಕೆ ಕಾಣುವುದಕ್ಕೂ, ಬಡಿದ ಕಬ್ಬಿಣ ನೆಗ್ಗುವಲ್ಲಿ ಬೀಡು ಸೀಳಿಹೋಗುವುದಕ್ಕೂ ಈ ಚಕ್ಕೆಗಳು ಕಾರಣ.

ಬೀಡು ಶಾಖವನ್ನು ಸಮನಾಗಿ ಹರಡುತ್ತದೆ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ವಾಸ್ತವವಾಗಿ ಶಾಖವನ್ನು ಸಾಗಿಸುವುದರಲ್ಲಿ ಅದು ಅಲ್ಯೂಮಿನಿಯಂನ ಸುಮಾರು ಕಾಲುಭಾಗದಷ್ಟು ಮಾತ್ರ ಸಮರ್ಥ. ಒಲೆಯ ಮೇಲಿಟ್ಟ ಕೂಡಲೇ ಜ್ವಾಲೆ ತಗಲುವ ನಡುಭಾಗ ಕಾದು, ಅಂಚು ಬಹಳ ಹೊತ್ತು ತಣ್ಣಗೇ ಇರುತ್ತದೆ. ಅದರ ನಿಜವಾದ ಗುಣ ಶಾಖವನ್ನು ಕೂಡಿಟ್ಟುಕೊಳ್ಳುವುದು. ಬಾಣಲೆಯನ್ನು ಬಳಸುವ ಕ್ರಮವೆಲ್ಲ ಈ ಒಂದು ಗುಣವನ್ನು ಅವಲಂಬಿಸಿದೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಬಾಯಿ 20 ಸೆಂ.ಮೀ., ಆಳ 6 ಸೆಂ.ಮೀ., ದಪ್ಪ 4 ಮಿ.ಮೀ. ಇರುವ ಬೀಡಿನ ಬಾಣಲೆ ಕಿವಿಗಳನ್ನು ಬಿಟ್ಟು ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಅದೇ ಅಳತೆಯ, 1.2 ಮಿ.ಮೀ. ದಪ್ಪದ ತಗಡಿನ ಬಾಣಲೆಯ ತೂಕ ಸುಮಾರು 400 ಗ್ರಾಂ. ಎರಡನ್ನೂ 200 ಡಿಗ್ರಿಗೆ ಕಾಯಿಸಿ, ಹೆಚ್ಚಿದ ಹುರಳಿಕಾಯಿಯನ್ನು 250 ಗ್ರಾಂನಷ್ಟು ಹಾಕಿದರೆಂದು ಭಾವಿಸೋಣ. ಅಷ್ಟು ತರಕಾರಿಯನ್ನು 100 ಡಿಗ್ರಿಗೆ ಏರಿಸಲು ಸುಮಾರು 73 ಕಿಲೋಜೌಲ್ ಶಾಖ ಬೇಕು. ತಾನು 100 ಡಿಗ್ರಿಗೆ ಇಳಿಯುವಷ್ಟರಲ್ಲಿ ಬೀಡಿನ ಬಾಣಲೆ ಸುಮಾರು 57 ಕಿಲೋಜೌಲ್ ಕೊಡಬಲ್ಲದು. ತಗಡಿನದು ಸುಮಾರು 18. ಅಂದರೆ ಬೇಕಾದ ಶಾಖದ ಮುಕ್ಕಾಲು ಪಾಲು ಬೀಡಿನಲ್ಲಿ ಆಗಲೇ ಸಿದ್ಧವಾಗಿರುತ್ತದೆ, ತಗಡಿನಲ್ಲಿ ಕಾಲು ಪಾಲು ಮಾತ್ರ. ತರಕಾರಿಯನ್ನು ಅರ್ಧಕ್ಕೆ ಇಳಿಸಿದರೆ ಬೀಡು ಪೂರ್ತಿ ಶಾಖವನ್ನು ತಾನೇ ಕೊಟ್ಟು, ಮೇಲೆ ಇನ್ನಷ್ಟು ಉಳಿಸಿಕೊಳ್ಳುತ್ತದೆ.

ಮನೆಯ ಒಲೆಯ ಮೇಲೆ

ಬೀದಿಬದಿಯ ಗೋಬಿ ಮಂಚೂರಿ ಗಾಡಿಯವರು ತೆಳುವಾದ ತಗಡಿನ ಬಾಣಲೆಯಲ್ಲೇ ಧಗಧಗಿಸುವ ಉರಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಒಲೆ ಭೋರ್ಗರೆಯುವಂಥದ್ದು. ಬಾಣಲೆ ಕಳೆದುಕೊಂಡ ಶಾಖವನ್ನು ಅದು ಆಗಿಂದಾಗ ತುಂಬಿಕೊಡುತ್ತದೆ. ಚೀನೀ ಹೋಟೆಲುಗಳ ಒಲೆಗಳ ಸಾಮರ್ಥ್ಯ 20 ಕಿಲೋವಾಟ್ ಮೀರುವುದು ಸಾಮಾನ್ಯ. ಮನೆಯ ಗ್ಯಾಸ್ ಒಲೆಯ ಒಂದು ಬರ್ನರಿನದು ಸುಮಾರು 2 ಕಿಲೋವಾಟ್, ಅದರಲ್ಲೂ ಮೂರನೆಯ ಒಂದು ಭಾಗದಷ್ಟು ಪಾತ್ರೆಗೆ ತಾಗದೆ ಗಾಳಿಗೆ ಹೋಗುತ್ತದೆ. ಹೋಟೆಲಿನ ವಿಧಾನವನ್ನು ಮನೆಯಲ್ಲಿ ಅನುಸರಿಸಿದರೆ ತರಕಾರಿ ಹುರಿಯುವುದಿಲ್ಲ. ತನ್ನದೇ ನೀರು ಬಿಟ್ಟುಕೊಂಡು ಬೇಯುತ್ತದೆ. ದುರ್ಬಲವಾದ ಒಲೆಗೆ ದಪ್ಪ ಬಾಣಲೆ ಹೊಂದುವುದು ಈ ಕಾರಣಕ್ಕೆ. ಒಲೆ ನಿಧಾನವಾಗಿ ಕೊಡುವ ಶಾಖವನ್ನು ಮೊದಲೇ ಕೂಡಿಸಿಕೊಂಡು, ಬೇಕಾದಾಗ ಒಮ್ಮೆಗೇ ಕೊಡುವುದು ಅದರ ಕೆಲಸ.

ಆದ್ದರಿಂದ ಬಾಣಲೆಯನ್ನು ಸಣ್ಣ ಅಥವಾ ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಖಾಲಿಯಾಗಿ ಕಾಯಿಸಬೇಕು. ದೊಡ್ಡ ಉರಿಯಲ್ಲಿ ನಡುಭಾಗ ಮಾತ್ರ ಸುಡುತ್ತದೆ. ಹದ ತಿಳಿಯಲು ಒಂದು ಹನಿ ನೀರು ಸಾಕು. ಹನಿ ಚುಯ್ಯೆಂದು ಅಲ್ಲಿಯೇ ಆವಿಯಾದರೆ ಒಗ್ಗರಣೆಗೆ ಸರಿಯಾದ ಕಾವು. ಹನಿಯು ಮಣಿಯಂತೆ ಉರುಳಾಡಿದರೆ ಕಾವು 190-200 ಡಿಗ್ರಿಯನ್ನು ಮುಟ್ಟಿದೆ ಎಂದರ್ಥ. ಹನಿಯ ಅಡಿಯಲ್ಲಿ ಹುಟ್ಟುವ ಆವಿಯ ಪದರ ಅದನ್ನು ಲೋಹಕ್ಕೆ ತಾಗದಂತೆ ಎತ್ತಿ ಹಿಡಿಯುತ್ತದೆ. ಜರ್ಮನಿಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ. ನೀರಿನ ಪರೀಕ್ಷೆಯನ್ನು ಎಣ್ಣೆ ಹಾಕುವ ಮೊದಲೇ ಮಾಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತರಕಾರಿಯನ್ನು ಒಮ್ಮೆಗೆ ಒಂದು ಅಥವಾ ಇಬ್ಬರಿಗೆ ಸಾಲುವಷ್ಟೇ ಹಾಕುವುದು ಉತ್ತಮ. ನಾಲ್ಕು ಜನರಿಗೆ ಬೇಕಾದರೆ ಎರಡು ಸರದಿಯಲ್ಲಿ ಹುರಿದು ಕೊನೆಗೆ ಬೆರೆಸಬಹುದು. ತೊಳೆದ ತರಕಾರಿಯ ನೀರು ಆರಿರಬೇಕು, ಏಕೆಂದರೆ ನೀರನ್ನು ಆವಿ ಮಾಡಲು ತಗಲುವ ಶಾಖ ತರಕಾರಿಯನ್ನು ಕಾಯಿಸಲು ತಗಲುವುದಕ್ಕಿಂತ ಬಹಳ ಹೆಚ್ಚು.

ಕೂಡಿಟ್ಟ ಶಾಖ ಕೆಲವೊಮ್ಮೆ ತೊಂದರೆಯನ್ನೂ ಕೊಡುತ್ತದೆ. ಉರಿ ಆರಿಸಿದರೂ ಬೀಡು ಬೇಗ ತಣಿಯುವುದಿಲ್ಲ. ಸಾಸಿವೆ ಸಿಡಿದು, ಕಡಲೆಬೇಳೆ ಮತ್ತು ಉದ್ದಿನಬೇಳೆ ಹೊಂಬಣ್ಣಕ್ಕೆ ತಿರುಗುವವರೆಗೆ ಕಾದು ಉರಿ ಆರಿಸಿದರೆ, ಕರಿಬೇವು ಹಾಕುವಷ್ಟರಲ್ಲಿ ಬೇಳೆ ಕಂದಿ ಕಹಿಯಾಗುತ್ತದೆ. ಬೇಳೆ ಬಣ್ಣ ತಿರುಗಲು ಆರಂಭಿಸಿದಾಗಲೇ ಉರಿ ಆರಿಸಿ, ಒಣಮೆಣಸಿನಕಾಯಿ, ಇಂಗು ಮತ್ತು ಕರಿಬೇವನ್ನು ಉಳಿದ ಕಾವಿಗೇ ಹಾಕುವುದು ಸರಿಯಾದ ಕ್ರಮ. ಉಪ್ಪಿಟ್ಟಿನ ರವೆಯನ್ನು ಹುರಿದ ತಕ್ಷಣ ತಟ್ಟೆಗೆ ಸುರಿಯಬೇಕಾದದ್ದೂ ಇದೇ ಕಾರಣಕ್ಕೆ. ಅಲ್ಯೂಮಿನಿಯಂನಿಂದ ಬೀಡಿಗೆ ಬಂದವರ ಮೊದಲ ದಿನಗಳ ಅಡುಗೆ ಸೀಯುವುದು ಹೆಚ್ಚಾಗಿ ಇಲ್ಲಿಯೇ.

ಕರಿಯುವುದರಲ್ಲಿ ದುಂಡು ತಳದ ಲಾಭ ಎದ್ದು ಕಾಣುತ್ತದೆ. ಮೇಲೆ ಹೇಳಿದ ಅಳತೆಯ ಬಾಣಲೆಯ ನಡುವೆ 4 ಸೆಂ.ಮೀ. ಆಳಕ್ಕೆ ಎಣ್ಣೆ ನಿಲ್ಲಲು ಸುಮಾರು ಅರ್ಧ ಲೀಟರ್ ಸಾಕು. ಅಷ್ಟೇ ಅಗಲದ ಚಪ್ಪಟೆ ತಳದ ಪಾತ್ರೆಗೆ ಒಂದೂಕಾಲು ಲೀಟರ್ ಬೇಕಾಗುತ್ತದೆ. ಉಳಿದ ಎಣ್ಣೆಯನ್ನು ಪದೇ ಪದೇ ಕಾಯಿಸುವ ಪ್ರಮೇಯವೂ ಅಷ್ಟರಮಟ್ಟಿಗೆ ಕಡಿಮೆ.

ದುಂಡು ತಳ ಹುಟ್ಟಿದ್ದು ಮಣ್ಣಿನ ಒಲೆಗಾಗಿ. ಒಲೆಯ ಬಾಯಲ್ಲಿ ಅದು ಇಳಿದು ಕೂರುತ್ತದೆ, ಜ್ವಾಲೆ ಸುತ್ತಲೂ ತಾಗುತ್ತದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಯೂ ಪಾತ್ರೆಗಳು ಹೀಗೆ ಒಲೆಯ ಬಾಯಿಗಳಲ್ಲಿ ಇಳಿದು ಕೂರುವ ಕ್ರಮವನ್ನೇ ಉಳಿಸಿಕೊಂಡಿತ್ತು. ಗ್ಯಾಸ್ ಒಲೆಯ ಮೇಲೆ ದುಂಡು ಬಾಣಲೆ ಓಲಾಡುತ್ತದೆ; ಕಬ್ಬಿಣದ ಬಳೆಯೊಂದನ್ನು ಕೆಳಗಿಡಬಹುದು, ಅಥವಾ ತಳದಲ್ಲಿ ಅಂಗೈಯಷ್ಟು ಚಪ್ಪಟೆ ಇರುವ ಬಾಣಲೆಯನ್ನು ಆರಿಸಿಕೊಳ್ಳಬಹುದು. ಇಂಡಕ್ಷನ್ ಒಲೆಗೆ ಚಪ್ಪಟೆ ತಳವೇ ಬೇಕು, ಅದನ್ನು ಅತಿ ಕಡಿಮೆ ಶಕ್ತಿಯಿಂದ ಆರಂಭಿಸಬೇಕು. ತಳ ಒಮ್ಮೆಲೇ ಕಾದು ಗೋಡೆ ತಣ್ಣಗಿದ್ದರೆ ಬೀಡು ಬಿರುಕು ಬಿಡುವ ಅಪಾಯವಿದೆ.

ಪಳಗಿಸುವುದು

ಹೊಸ ಬಾಣಲೆಯ ಮೇಲ್ಮೈ ಮರಳಿನ ಅಚ್ಚಿನಿಂದಾಗಿ ತರಿತರಿಯಾಗಿರುತ್ತದೆ. ಅದನ್ನು ಬಳಕೆಗೆ ಸಿದ್ಧಪಡಿಸುವುದನ್ನು 'ಪಳಗಿಸುವುದು' ಎನ್ನುತ್ತಾರೆ. ದನವನ್ನೋ ಎತ್ತನ್ನೋ ಪಳಗಿಸುವ ಮಾತೇ ಇಲ್ಲಿಯೂ ಬಂದಿದೆ.

ಮನೆಗಳಲ್ಲಿ ರೂಢಿಯಲ್ಲಿರುವ ಕ್ರಮ ಹೀಗಿದೆ. ಬಾಣಲೆಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆದು, ಅಕ್ಕಚ್ಚು ಅಂದರೆ ಅಕ್ಕಿ ತೊಳೆದ ನೀರನ್ನು, ಇಲ್ಲವೇ ಗಂಜಿಯನ್ನು ತುಂಬಿಡುತ್ತಾರೆ. ದಿನಕ್ಕೊಮ್ಮೆ ಅದನ್ನು ಚೆಲ್ಲಿ ಹೊಸದು ತುಂಬುತ್ತಾರೆ. ಮೂರರಿಂದ ಐದು ದಿನಗಳಲ್ಲಿ ನೀರಿನ ಕಪ್ಪು ಕಡಿಮೆಯಾಗುತ್ತದೆ. ಹುಳಿಯಾಗುವ ಅಕ್ಕಚ್ಚಿನ ಮೃದು ಆಮ್ಲ ಮೇಲಿನ ಸಡಿಲ ತುಕ್ಕು ಮತ್ತು ಕಿಟ್ಟವನ್ನು ಬಿಡಿಸುತ್ತದೆ. ಆ ಮೇಲೆ ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಈರುಳ್ಳಿ ಸಿಪ್ಪೆ ಅಥವಾ ಹೋಳುಗಳನ್ನು ಕಪ್ಪಾಗುವವರೆಗೆ ಹುರಿದು ಎಸೆಯುತ್ತಾರೆ.

ಅಕ್ಕಚ್ಚು ಶುದ್ಧಿಯ ಕೆಲಸ ಮಾಡುತ್ತದೆ. ಅಂಟದಂತೆ ಮಾಡುವುದು ಎಣ್ಣೆ. ತೆಳುವಾಗಿ ಸವರಿದ ಎಣ್ಣೆ ಬಿಸಿ ಮತ್ತು ಗಾಳಿಯ ಆಮ್ಲಜನಕದಿಂದ ಬದಲಾಗಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಕಪ್ಪು ಪೊರೆಯಾಗುತ್ತವೆ. ಎಲ್ಲ ಎಣ್ಣೆಗಳೂ ಇದಕ್ಕೆ ಒಂದೇ ತೆರನಾಗಿ ಒದಗುವುದಿಲ್ಲ. ಎಣ್ಣೆ ಎಷ್ಟು ಬೇಗ ಹೀಗೆ ಗಟ್ಟಿಯಾಗುತ್ತದೆ ಎಂಬುದನ್ನು ಅದರ 'ಅಯೋಡಿನ್ ಮೌಲ್ಯ'ದಿಂದ ಅಂದಾಜು ಮಾಡಬಹುದು: ಅಗಸೆ ಎಣ್ಣೆಗೆ ಇದು 170ಕ್ಕೂ ಮೇಲೆ, ಹುಚ್ಚೆಳ್ಳು ಮತ್ತು ಸೂರ್ಯಕಾಂತಿ ಎಣ್ಣೆಗಳಿಗೆ 130ರ ಆಸುಪಾಸು, ಕಡಲೆಕಾಯಿ ಎಣ್ಣೆಗೆ 85ರಿಂದ 105, ಕೊಬ್ಬರಿ ಎಣ್ಣೆಗೆ ಕೇವಲ 6ರಿಂದ 11. ಕೊಬ್ಬರಿ ಎಣ್ಣೆ ಸವರಿದ ಬಾಣಲೆ ಹೊಳೆಯುತ್ತದೆಯಾದರೂ ಪೊರೆ ಕಟ್ಟುವುದಿಲ್ಲ. ಅಗಸೆಯ ಪೊರೆ ಬೇಗ ಕಟ್ಟುತ್ತದೆ, ಆದರೆ ದಪ್ಪವಾದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಳೆ ಮೈಸೂರು ಭಾಗದಲ್ಲಿ ಹಿಂದೆ ಬಳಕೆಯಲ್ಲಿದ್ದ ಹುಚ್ಚೆಳ್ಳೆಣ್ಣೆ ಈ ಎರಡರ ನಡುವಿನದಾಗಿದ್ದು, ಪಳಗಿಸಲು ಹೆಚ್ಚು ಯೋಗ್ಯ. ಅದು ಸಿಗದಿದ್ದರೆ ಸೂರ್ಯಕಾಂತಿ ಎಣ್ಣೆ ಆದೀತು.

ಎಣ್ಣೆಯನ್ನು ಸವರಿ ಮತ್ತೆ ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು, ಏನೂ ಉಳಿದಿಲ್ಲವೆಂದು ತೋರುವಷ್ಟು. ಹೆಚ್ಚು ಎಣ್ಣೆ ಉಳಿದರೆ ಅಂಟಂಟಾದ ಜಿಡ್ಡಾಗುತ್ತದೆ. ಬಳಿಕ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ, ತಣಿಸಿ, ಇದನ್ನೇ ನಾಲ್ಕೈದು ಸಲ ಮಾಡಬೇಕು. ಕಿಟಕಿ ತೆರೆದಿರಲಿ. ಅದರ ಮೇಲೆ ಮೊದಲ ಕೆಲವು ವಾರ ಹುಳಿಯ ಅಡುಗೆಯನ್ನು ಬಿಟ್ಟು ಕರಿಯುವುದು, ಹುರಿಯುವುದು ಇಷ್ಟನ್ನೇ ಮಾಡಿದರೆ ಪೊರೆ ತಾನಾಗಿ ಬಲಿಯುತ್ತದೆ.

ಕವಲಂದೆ ಸೀಮೆಯ ಅಡುಗೆಯಲ್ಲಿ

ಕವಲಂದೆಯು ನಂಜನಗೂಡು ತಾಲ್ಲೂಕಿನಲ್ಲಿ, ಮೈಸೂರು-ಚಾಮರಾಜನಗರ ರೈಲುಮಾರ್ಗದಲ್ಲಿದೆ. ಕಬಿನಿ ಅಥವಾ ಕಪಿಲಾ ನದಿ ನಂಜನಗೂಡನ್ನು ಬಳಸಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಾಲೆಯ ನೀರು ಸಿಗುವಲ್ಲಿ ಭತ್ತ, ಬಾಳೆ, ಕಬ್ಬು. ಇಲ್ಲದ ಕಡೆ ರಾಗಿ, ಜೋಳ, ಹುರುಳಿ, ಅವರೆ, ಅಲಸಂದೆ. ದಿನದ ಊಟದಲ್ಲಿ ಮುದ್ದೆ ಮತ್ತು ಅನ್ನಕ್ಕೆ ಉಪ್ಪುಸಾರು, ಬಸ್ಸಾರು, ಮಸ್ಸೊಪ್ಪು, ಕಾಳಿನ ಹುಳಿ ಜೊತೆಯಾಗುತ್ತವೆ.

ಈ ಅಡುಗೆಗಳಲ್ಲಿ ಬಾಣಲೆಗೆ ನಿಜವಾಗಿ ಒಪ್ಪುವುದು ಒಣ ಕೆಲಸಗಳು. ಬಸ್ಸಾರಿಗೆಂದು ಬಸಿದ ಸೊಪ್ಪು, ಕಾಳುಗಳ ಪಲ್ಯಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಡುವುದು. ಉಪ್ಪುಸಾರಿನ ಖಾರಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಹುರಿಯುವುದು. ಹುರುಳಿಕಾಳನ್ನು ಸಾರಿಗೆ ಮೊದಲು ಘಮ ಬರುವಂತೆ ಹುರಿಯುವುದು. ಹುಚ್ಚೆಳ್ಳಿನ ಚಟ್ನಿಪುಡಿಗೆ ಬೀಡಿನ ಬಾಣಲೆ ಹೇಳಿ ಮಾಡಿಸಿದಂತಿದೆ. ತೆಳು ಬಾಣಲೆಯಲ್ಲಿ ಹುಚ್ಚೆಳ್ಳು ಒಂದು ಕಡೆ ಹಸಿಯಾಗಿ ಇನ್ನೊಂದು ಕಡೆ ಸೀಯುತ್ತದೆ. ಮೊದಲೇ ಕಾಯಿಸಿದ ಬೀಡಿನಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿದರೆ ಚಟಪಟ ಸದ್ದು ಒಂದೇ ಸಮನೆ ಏಳುತ್ತದೆ, ಸದ್ದು ಇಳಿಯತೊಡಗಿದಾಗ ತೆಗೆದರೆ ಹದ ಸರಿಯಾಗಿರುತ್ತದೆ. ಕಡಲೆಕಾಯಿ ಬೀಜಕ್ಕೂ ಇದೇ ಮಾತು ಅನ್ವಯಿಸುತ್ತದೆ. ಚಿತ್ರಾನ್ನದ ಒಗ್ಗರಣೆಯನ್ನು ಬಾಣಲೆಯಲ್ಲಿ ಮಾಡಿದರೂ ನಿಂಬೆರಸವನ್ನು ಅನ್ನ ಬೇರೆ ಪಾತ್ರೆಗೆ ಹೋದ ಮೇಲೆ ಹಿಂಡುವುದು ವಾಡಿಕೆ. ಹುಣಸೆಹುಳಿಯ ಗೊಜ್ಜು, ಟೊಮೆಟೊ ಸಾರು, ಮಜ್ಜಿಗೆಹುಳಿ ಇದರಲ್ಲಿ ಕುದಿಯಬಾರದು. ಆಮ್ಲ ಪೊರೆಯನ್ನು ಕರಗಿಸುತ್ತದೆ, ಅಡುಗೆಗೆ ಕಬ್ಬಿಣದ ಒಗರು ಬರುತ್ತದೆ.

ನಂಜನಗೂಡು ರಸಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬಾಳೆಯ ನಾಡಿನಲ್ಲಿ ಬಾಳೆಕಾಯಿ, ಬಾಳೆಹೂ, ಬಾಳೆದಿಂಡುಗಳ ಪಲ್ಯ ಸಹಜ. ಇವೇ ಬೀಡಿನ ಬಾಣಲೆಯಲ್ಲಿ ಕಪ್ಪಾಗುವ ತರಕಾರಿಗಳು. ಬಾಳೆಕಾಯಿ ಮತ್ತು ಹೂವಿನಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ಕಬ್ಬಿಣದೊಡನೆ ಸೇರಿ ಕಪ್ಪುನೀಲಿ ಬಣ್ಣದ ಸಂಯುಕ್ತವಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಲಂಕಾರಿ ಬಟ್ಟೆಗೆ ಕಪ್ಪು ಬಣ್ಣ ತೆಗೆಯುವುದೂ ಇದೇ ಕ್ರಿಯೆಯಿಂದ. ಹೆಚ್ಚಿದ ಬಾಳೆಕಾಯಿಯನ್ನು ಮಜ್ಜಿಗೆ ನೀರಿನಲ್ಲಿ ಹಾಕಿಡುವುದು ಹೋಳುಗಳು ಗಾಳಿಗೆ ಕಂದುವುದನ್ನು ತಡೆಯುತ್ತದೆ, ಬಾಣಲೆಯಿಂದ ಬರುವ ಕಪ್ಪನ್ನು ತಡೆಯುವುದಿಲ್ಲ. ಪೊರೆ ಚೆನ್ನಾಗಿ ಬಲಿತ ಬಾಣಲೆಯಲ್ಲಿ, ನೀರು ಚಿಮುಕಿಸದೆ, ಬೇಗ ಹುರಿದು ಇಳಿಸಿದರೆ ಬಣ್ಣ ಬಹುಪಾಲು ಉಳಿಯುತ್ತದೆ. ಕಪ್ಪಾದ ಪಲ್ಯ ತಿನ್ನಲು ಹಾನಿಯಿಲ್ಲ, ನೋಟಕ್ಕೆ ಮಾತ್ರ ಕೊರತೆ.

ಆಹಾರದೊಳಗೆ ಸೇರುವ ಕಬ್ಬಿಣ

ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಮಾಡಿದರೆ ರಕ್ತಹೀನತೆ ದೂರವಾಗುತ್ತದೆ ಎಂಬ ಮಾತು ಜಾಹೀರಾತುಗಳಲ್ಲಿಯೂ ಮನೆಮಾತಿನಲ್ಲಿಯೂ ಕೇಳಿಬರುತ್ತದೆ. ವಿಷಯ ಸಣ್ಣದಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡ 57ರಷ್ಟು ಜನರಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡ 48ರ ಸಮೀಪ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಆಹಾರದಲ್ಲಿರಬೇಕು.

ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣ ಸೇರುವುದು ನಿಜ. 1986ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಹಲವಾರು ಆಹಾರಗಳನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ ಅಳೆದು, ಆಹಾರದ ಹುಳಿ, ತೇವ ಮತ್ತು ಬೇಯುವ ಅವಧಿ ಹೆಚ್ಚಿದಷ್ಟೂ ಸೇರುವ ಕಬ್ಬಿಣ ಹೆಚ್ಚುತ್ತದೆ ಎಂದು ತೋರಿಸಿತು. ಇಥಿಯೋಪಿಯದ ಮಕ್ಕಳ ಮೇಲೆ ನಡೆದು 1999ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ಕಬ್ಬಿಣದ ಪಾತ್ರೆ ಬಳಸಿದ ಮನೆಗಳ ಮಕ್ಕಳ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಸರಾಸರಿ 1.7 ಗ್ರಾಂ ಏರಿತ್ತು. ಅಲ್ಯೂಮಿನಿಯಂ ಬಳಸಿದ ಮನೆಗಳಲ್ಲಿ ಏರಿಕೆ 0.4 ಗ್ರಾಂ.

ಇಲ್ಲೊಂದು ತೊಡಕಿದೆ. ಕಬ್ಬಿಣ ಹೆಚ್ಚು ಬಿಡುವ ಅಡುಗೆ ಹುಳಿಯಾದದ್ದು, ನೀರಾದದ್ದು, ಹೊತ್ತು ಬೇಯುವುದು. ಬಾಣಲೆ ಕೆಡದಿರಲು ಬಿಡಬೇಕಾದದ್ದು ಇದೇ ಅಡುಗೆಯನ್ನು. ಪೊರೆ ಬಲಿತು ಕನ್ನಡಿಯಂತೆ ಹೊಳೆಯುವ ಬಾಣಲೆಯಲ್ಲಿ ಐದು ನಿಮಿಷ ಹುರಿದ ಒಣ ಪಲ್ಯಕ್ಕೆ ಸೇರುವ ಕಬ್ಬಿಣ ಅಲ್ಪ. ಹಾಗೆಯೇ ಕಪ್ಪಾದ ಬಾಳೆಕಾಯಿ ಪಲ್ಯವನ್ನು ನೋಡಿ ಕಬ್ಬಿಣ ಸಿಕ್ಕಿತೆಂದು ತಿಳಿಯುವುದೂ ತಪ್ಪು. ಟ್ಯಾನಿನ್‌ಗೆ ಅಂಟಿಕೊಂಡ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದ್ದರೂ ಅದರ ಫೈಟೇಟ್ ಮತ್ತು ಟ್ಯಾನಿನ್ ಹೀರಿಕೆಯನ್ನು ತಗ್ಗಿಸುತ್ತವೆ. ಊಟದ ಜೊತೆಗೇ ಕುಡಿಯುವ ಕಾಫಿ, ಟೀ ಕೂಡ ಇದೇ ಕೆಲಸ ಮಾಡುತ್ತವೆ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣುಗಳ ಸಿ ಜೀವಸತ್ವ ಹೀರಿಕೆಯನ್ನು ಹೆಚ್ಚಿಸುತ್ತದೆ. ಬಾಣಲೆಯಿಂದ ಇಳಿಸಿದ ಸೊಪ್ಪಿನ ಪಲ್ಯಕ್ಕೆ ತಟ್ಟೆಯಲ್ಲಿ ನಿಂಬೆ ಹಿಂಡಿಕೊಳ್ಳುವುದರಿಂದ ಬಾಣಲೆಯೂ ಉಳಿಯುತ್ತದೆ, ಕಬ್ಬಿಣವೂ ಮೈಗೆ ಹತ್ತುತ್ತದೆ.

2018ರಲ್ಲಿ ಆರಂಭವಾದ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ದಿನವೂ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತವೆ. ಬಾಣಲೆ ಈ ಮಾತ್ರೆಗೆ ಬದಲಿಯಲ್ಲ. ರಕ್ತಹೀನತೆಗೆ ಜಂತುಹುಳು, ಬಿ12 ಕೊರತೆ, ಅತಿ ಮುಟ್ಟಿನಸ್ರಾವ ಮೊದಲಾದ ಬೇರೆ ಕಾರಣಗಳೂ ಇರುವುದರಿಂದ ರಕ್ತಪರೀಕ್ಷೆ ಮತ್ತು ವೈದ್ಯರ ಸಲಹೆ ಅಗತ್ಯ. ಥಲಸ್ಸೀಮಿಯಾ ಇರುವವರಿಗೆ, ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಅನುವಂಶೀಯ ಕಾಯಿಲೆಯವರಿಗೆ ಕಬ್ಬಿಣದ ಪಾತ್ರೆಯ ನಿತ್ಯಬಳಕೆ ಹಿತವಲ್ಲ.

ತೊಳೆಯುವುದು ಮತ್ತು ಇಡುವುದು

ಅಡುಗೆಯನ್ನು ಬೆಂದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಬೇಕು. ರಾತ್ರಿಯಿಡೀ ಬಾಣಲೆಯಲ್ಲೇ ಉಳಿದ ಪಲ್ಯ ಬೆಳಗಾಗುವಷ್ಟರಲ್ಲಿ ಕಪ್ಪಾಗಿ ಕಬ್ಬಿಣದ ವಾಸನೆ ಹೊಡೆಯುತ್ತದೆ. ಬಾಣಲೆ ಬೆಚ್ಚಗಿರುವಾಗಲೇ ಬಿಸಿನೀರಿನಲ್ಲಿ ನಾರಿನಿಂದ ಉಜ್ಜಿದರೆ ಸಾಕು. ಸಾಬೂನು ತಾಗಲೇಬಾರದೆಂಬ ಕಟ್ಟಳೆ ಅತಿಯಾದದ್ದು. ಬಲಿತ ಪೊರೆ ಎಣ್ಣೆಯಾಗಿ ಉಳಿದಿರುವುದಿಲ್ಲ, ಆದ್ದರಿಂದ ಸ್ವಲ್ಪ ಸಾಬೂನಿನಿಂದ ಅದು ಹೋಗದು. ಹುಣಸೆಹಣ್ಣು ಹಾಕಿ ಹಿತ್ತಾಳೆಯಂತೆ ಬೆಳಗುವುದು, ತಂತಿಯ ಉಂಡೆಯಿಂದ ಕೆರೆಯುವುದು, ನೀರಿನಲ್ಲಿ ನೆನೆಹಾಕುವುದು ಇವು ಪೊರೆಯನ್ನು ಕಳೆಯುತ್ತವೆ. ಸೀದು ಹತ್ತಿದ್ದನ್ನು ನೀರು ಹಾಕಿ ಕುದಿಸಿ ಬಿಡಿಸಬಹುದು, ಇಲ್ಲವೇ ಕಲ್ಲುಪ್ಪಿನಿಂದ ಉಜ್ಜಬಹುದು.

ತೊಳೆದ ಬಾಣಲೆಯನ್ನು ಬಟ್ಟೆಯಿಂದ ಒರೆಸಿ, ಒಲೆಯ ಮೇಲೆ ಒಂದು ನಿಮಿಷ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಇಡುವುದು ಕ್ರಮ. ಮಳೆಗಾಲದಲ್ಲಿ ಇದನ್ನು ತಪ್ಪಿಸಿದರೆ ಮರುದಿನವೇ ಕೆಂಪು ತುಕ್ಕು ಕಾಣುತ್ತದೆ. ತುಕ್ಕು ಹಿಡಿದ ಬಾಣಲೆ ಕೆಟ್ಟಿತೆಂದಲ್ಲ. ಉಜ್ಜಿ ತೆಗೆದು ಮತ್ತೆ ಪಳಗಿಸಿದರೆ ಮೊದಲಿನಂತಾಗುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಎಣ್ಣೆಯ ಪಸೆ ತೀರ ತೆಳುವಾಗಿರಬೇಕು. ದಪ್ಪ ಎಣ್ಣೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಕಿವಿಗಳೂ ಬೀಡಿನವೇ ಆದ್ದರಿಂದ ಅವು ಬಾಣಲೆಯಷ್ಟೇ ಸುಡುತ್ತವೆ. ಇಕ್ಕಳದಿಂದ ಒಂದೇ ಕಡೆ ಹಿಡಿದು ಎತ್ತುವುದಕ್ಕಿಂತ, ದಪ್ಪನೆಯ ಮಸಿಬಟ್ಟೆಯಿಂದ ಎರಡೂ ಕಿವಿ ಹಿಡಿದು ಇಳಿಸುವುದು ಸುರಕ್ಷಿತ. ಒಂದೂಕಾಲು ಕಿಲೋ ತೂಕದ ಬಾಣಲೆಯಲ್ಲಿ ಬಿಸಿ ಎಣ್ಣೆಯೂ ಇದ್ದಾಗ ಇಕ್ಕಳ ಜಾರಿದರೆ ಅನಾಹುತವಾಗುತ್ತದೆ. ಮಕ್ಕಳು, ಮಣಿಕಟ್ಟಿನ ನೋವಿರುವ ವಯಸ್ಸಾದವರು ಇದನ್ನು ಎತ್ತದಿರುವುದೇ ಒಳ್ಳೆಯದು.

ಕೊಳ್ಳುವಾಗ

ಸಂತೆ, ಜಾತ್ರೆ ಮತ್ತು ಅಂಗಡಿಗಳಲ್ಲಿ ಬೀಡು, ಬಡಿದ ತಗಡು, ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ಮೂರೂ 'ಕಬ್ಬಿಣದ ಬಾಣಲೆ' ಎಂಬ ಒಂದೇ ಹೆಸರಿನಲ್ಲಿ ಸಿಗಬಹುದು. ಅಯಸ್ಕಾಂತ ಅಂಟದಿದ್ದರೆ ಅದು ಅಲ್ಯೂಮಿನಿಯಂ. ಬೀಡನ್ನು ತಗಡಿನಿಂದ ಬೇರ್ಪಡಿಸುವುದು ಅದರ ಭಾರ, ದಪ್ಪ ಅಂಚು, ಮರಳಿನ ತರಿ ಮತ್ತು ಬಾಣಲೆಯೊಂದಿಗೇ ಎರೆದ ಕಿವಿಗಳು. ತಗಡಿನದಕ್ಕೆ ಕಿವಿಗಳನ್ನು ರಿವೆಟ್ ಹಾಕಿ ಜೋಡಿಸಿರುತ್ತಾರೆ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಬಿರುಕಿಲ್ಲದ ಬೀಡು ನಾದ ಕೊಡುತ್ತದೆ, ಬಿರುಕಿದ್ದರೆ ಮೊದ್ದು ಸದ್ದು ಬರುತ್ತದೆ. ಒಳಮೈಯಲ್ಲಿ ಗುಳಿ, ರಂಧ್ರಗಳಿರಬಾರದು. ತೀರ ನುಣುಪಾಗಿ ಹೊಳೆಯುವ ಕಪ್ಪು ಬಣ್ಣ ಬಳಿದದ್ದಿದ್ದರೆ ಅದು ಎಣ್ಣೆಯ ಪೊರೆಯೋ ಪೇಂಟೋ ಎಂದು ಕೇಳಿ ತಿಳಿಯಬೇಕು. ಪೇಂಟಾದರೆ ಕೊಳ್ಳದಿರುವುದು ಲೇಸು. ಮೂರು-ನಾಲ್ಕು ಜನರ ಮನೆಗೂ 20ರಿಂದ 22 ಸೆಂ.ಮೀ. ಬಾಣಲೆ ಸಾಕು. ಅದಕ್ಕಿಂತ ದೊಡ್ಡದನ್ನು ಮನೆಯ ಒಲೆ ಪೂರ್ತಿ ಕಾಯಿಸಲಾರದು.

ಒಡೆದಾಗ

ಬೀಡು ನೆಗ್ಗುವುದಿಲ್ಲ, ಒಡೆಯುತ್ತದೆ. ಕಲ್ಲುಹಾಸಿನ ಮೇಲೆ ಕೈಜಾರಿದರೆ ಕಿವಿ ಮುರಿಯಬಹುದು. ಚೆನ್ನಾಗಿ ಕಾದ ಬಾಣಲೆಗೆ ತಣ್ಣೀರು ಹೊಯ್ದರೆ ಗೋಡೆ ಸೀಳಬಹುದು. ಬಿರುಕು ಬಿಟ್ಟದ್ದನ್ನು ಬೆಸುಗೆ ಹಾಕುವುದು ಕಷ್ಟ. ನಿಕಲ್ ಬೆರೆತ ವಿಶೇಷ ಕಡ್ಡಿ, ಮೊದಲೇ ಕಾಯಿಸಿ ಆಮೇಲೆ ನಿಧಾನವಾಗಿ ತಣಿಸುವ ಕ್ರಮ ಇವೆಲ್ಲ ಬೇಕಾಗಿ, ಖರ್ಚು ಹೊಸ ಬಾಣಲೆಯನ್ನು ಮೀರುತ್ತದೆ. ಬಿರುಕಿರುವ ಬಾಣಲೆಯಲ್ಲಿ ಎಣ್ಣೆ ಕಾಯಿಸುವುದು ಅಪಾಯಕರ. ಅಂಥದ್ದು ಗುಜರಿ ಅಂಗಡಿಗೆ ತೂಕಕ್ಕೆ ಹೋಗುತ್ತದೆ. ಅಲ್ಲಿಂದ ಎರಕದ ಕಾರ್ಖಾನೆ ಸೇರಿ, ಹಳೆಯ ಪಂಪು, ಮೋಟಾರು ಚಿಪ್ಪುಗಳ ಜೊತೆಗೆ ಮತ್ತೆ ಕುಲುಮೆಗೆ ಬೀಳುತ್ತದೆ.